ಅಟ್ಲಾಂಟಿಕ್ ದಾಟಿದ ಹಳೇ ಕಾಗದಗಳು: ಮೊದಲು ಸೀಲು ಓದಿ, ಆಮೇಲೆ ಕೊಳ್ಳಿ

ಮೈಸೂರಲ್ಲಿ ಕೂತು ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ಹೋದ ಕಾಗದ ಕೂಡಿಡೋದು ಯಾಕೆ ಅಂತ ಮನೆಯವರು ಕೇಳೇ ಕೇಳ್ತಾರೆ. ಕೇಳಲಿ ಬಿಡಿ. ಸ್ಟ್ಯಾಂಪ್ ಕೂಡಿಡುವವರಿಗೂ ಇದರ ರುಚಿ ನಿಧಾನಕ್ಕೆ ಹತ್ತುತ್ತದೆ, ಯಾಕಂದ್ರೆ ಈ ಕಾಗದಗಳಲ್ಲಿ ಎಷ್ಟೋ ಕಾಗದಗಳ ಮೇಲೆ ಸ್ಟ್ಯಾಂಪೇ ಇರುವುದಿಲ್ಲ. ಇರುವುದು ಒಂದೆರಡು ದುಂಡನೆಯ ಸೀಲು, ಒಂದು ಅಂಕಿ, ಯಾವನೋ ಗುಮಾಸ್ತ ಅವಸರದಲ್ಲಿ ಎಳೆದ ಒಂದು ಗೀಟು. ಆ ಅಂಕಿಯನ್ನು ಕೂಡಿ ಕಳೆದು ನೋಡಿದರೆ ಕಾಗದ ಯಾವ ದೇಶದ ಹಡಗಿನಲ್ಲಿ ಹೋಯಿತು, ದುಡ್ಡು ಕಟ್ಟಿದವರು ಕಳಿಸಿದವರೋ ತಗೊಂಡವರೋ, ಅದರಲ್ಲಿ ಯಾವ ಸರ್ಕಾರಕ್ಕೆ ಎಷ್ಟು ಪಾಲು ಹೋಯಿತು ಎಲ್ಲವನ್ನೂ ಹೇಳಬಹುದು. ಅದಕ್ಕೇ ಹೊಸಬರು ಕೇಳಿದಾಗ ನಾನು ಹೇಳುವುದು ಇಷ್ಟೇ. ಮೇಲಿರುವ ಪ್ರತಿ ಗುರುತಿಗೂ ಕಾರಣ ಹೇಳಲು ಬಂದರೆ ಮಾತ್ರ ಆ ಕವರ್ (ಅಂಚೆಯಲ್ಲಿ ಹೋಗಿಬಂದ ಕಾಗದ ಅಥವಾ ಲಕೋಟೆಗೆ ನಾವು ಹೇಳುವುದು ಹೀಗೆ) ಕೊಳ್ಳಿ. ನೋಡಲು ಚೆಂದ ಇದೆ ಅಂತ ಕೊಂಡರೆ ಸುಮ್ನೆ ದುಡ್ಡು ದಂಡ.

ಎಲ್ಲಿಂದ ಶುರು ಮಾಡೋದು

1849ರಿಂದ 1867ರವರೆಗಿನ ಕಾಗದಗಳಿಂದ ಶುರು ಮಾಡಿ. ತೀರಾ ಹಳೆಯದು ಬೇಡ. ಜಾಸ್ತಿ ಹಳೆಯದಾದಷ್ಟೂ ಬೆಲೆಬಾಳುತ್ತದೆ ಅನ್ನುವುದು ಈ ಹವ್ಯಾಸದಲ್ಲಿ ಅರ್ಧ ಸುಳ್ಳು, ಅದೂ ಅಲ್ಲದೆ ಹಳೆಯದರಲ್ಲಿ ದರದ ಲೆಕ್ಕ ಹಿಡಿಯುವುದು ಕಷ್ಟ. 1848ರ ಡಿಸೆಂಬರಿನಲ್ಲಿ ಬ್ರಿಟನ್ನಿಗೂ ಅಮೆರಿಕಕ್ಕೂ ಒಂದು ಅಂಚೆ ಒಪ್ಪಂದ ಆಯಿತು. 1849ರ ಫೆಬ್ರವರಿಯಿಂದ ಅದರ ದರ ಜಾರಿಗೆ ಬಂತು. ಅರ್ಧ ಔನ್ಸ್ ತೂಕದ, ಅಂದರೆ ಹದಿನಾಲ್ಕು ಗ್ರಾಂ ಚಿಲ್ಲರೆಯ ಕಾಗದಕ್ಕೆ 24 ಸೆಂಟ್. ಬ್ರಿಟನ್ನಿನ ಕಡೆಯಿಂದ ಅದೇ ಒಂದು ಶಿಲಿಂಗ್. ದುಡ್ಡನ್ನು ಮೊದಲೇ ಕಟ್ಟಿ ಕಳಿಸಬಹುದು, ಇಲ್ಲವೇ ತಲುಪಿದವರ ಕೈಯಲ್ಲಿ ವಸೂಲಿ ಮಾಡಿಸಬಹುದು. ಆದರೆ ಅರ್ಧ ಕಟ್ಟಿ ಅರ್ಧ ಉಳಿಸಿದರೆ ಕಟ್ಟಿದ ಅರ್ಧ ಲೆಕ್ಕಕ್ಕೇ ಇಲ್ಲ, ಪೂರ್ತಿ ದರವನ್ನು ಆ ಕಡೆಯವರು ಮತ್ತೆ ಕೊಡಬೇಕು.

ಈ 24 ಸೆಂಟನ್ನು ಮೂರು ಭಾಗ ಮಾಡಿದ್ದರು. ಅಮೆರಿಕದ ಒಳಗಿನ ಸಾಗಣೆಗೆ 5, ಸಮುದ್ರ ದಾಟಿಸಿದ್ದಕ್ಕೆ 16, ಬ್ರಿಟನ್ನಿನ ಒಳಗಿನ ಸಾಗಣೆಗೆ 3. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಐದು ಹದಿನಾರು ಮೂರು. ಒಳಗಿನ ಪಾಲು ಆಯಾ ದೇಶಕ್ಕೆ. ಸಮುದ್ರದ ಹದಿನಾರು ಮಾತ್ರ ಹಡಗಿಗೆ ಗುತ್ತಿಗೆ ಕೊಟ್ಟ ದೇಶಕ್ಕೆ. ಕ್ಯುನಾರ್ಡ್ ಕಂಪನಿಯ ಹಡಗಾದರೆ ಬ್ರಿಟನ್ನಿಗೆ, ಕಾಲಿನ್ಸ್ ಅಥವಾ ಓಷನ್ ಲೈನ್ ಹಡಗಾದರೆ ಅಮೆರಿಕಕ್ಕೆ. ದುಡ್ಡು ಒಂದು ಕಡೆ ವಸೂಲಿ ಆಗುತ್ತದೆ, ಪಾಲು ಎರಡು ಕಡೆಗೂ ಹೋಗಬೇಕು. ಹಾಗಾಗಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಥರ ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಕಾಗದದ ಮೇಲೇ ಬರೆದು ಕಳಿಸುತ್ತಿದ್ದರು. ಈ ಕೆಲಸ ಎಲ್ಲ ಪೋಸ್ಟಾಫೀಸಿನಲ್ಲೂ ಆಗುತ್ತಿರಲಿಲ್ಲ. ನ್ಯೂಯಾರ್ಕ್, ಬಾಸ್ಟನ್, ಲಂಡನ್, ಲಿವರ್‌ಪೂಲ್ ಹೀಗೆ ಗೊತ್ತುಮಾಡಿದ ಕೆಲವು ವಿನಿಮಯ ಕಚೇರಿಗಳಲ್ಲಿ ಮಾತ್ರ.

ಈಗ ಲೆಕ್ಕ ಹಾಕಿ. ನ್ಯೂಯಾರ್ಕಿನಲ್ಲಿ ಒಬ್ಬ ವ್ಯಾಪಾರಿ 24 ಸೆಂಟ್ ಕಟ್ಟಿ ಲಂಡನ್ನಿಗೆ ಕಾಗದ ಹಾಕಿದ, ಅದು ಬ್ರಿಟಿಷ್ ಹಡಗಿನಲ್ಲಿ ಹೋಯಿತು ಅಂದುಕೊಳ್ಳಿ. ದುಡ್ಡು ಅಮೆರಿಕದ ಹತ್ತಿರ ಇದೆ. ಅದು ಬ್ರಿಟನ್ನಿಗೆ ಸಮುದ್ರದ 16, ಒಳಗಿನ 3, ಒಟ್ಟು 19 ಸೆಂಟ್ ಕೊಡಬೇಕು. ಹಾಗಾಗಿ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ 19 ಇರುತ್ತದೆ. ಅದೇ ಕಾಗದ ಅಮೆರಿಕದ ಹಡಗಿನಲ್ಲಿ ಹೋಗಿದ್ದರೆ ಕೆಂಪು 3. ದುಡ್ಡು ಕಟ್ಟದೆ ಹಾಕಿದ್ದರೆ ವಸೂಲಿ ಮಾಡುವುದು ಬ್ರಿಟನ್, ಅಮೆರಿಕ ತನ್ನ ಬಾಕಿ ಬರೆದು ಕಳಿಸುತ್ತದೆ. ಬ್ರಿಟಿಷ್ ಹಡಗಾದರೆ ಕಪ್ಪು 5, ಅಮೆರಿಕದ ಹಡಗಾದರೆ ಕಪ್ಪು 21. ಕೆಂಪು ಅಂದರೆ ದುಡ್ಡು ಸಂದಿದೆ, ಕಪ್ಪು ಅಂದರೆ ಸಂದಿಲ್ಲ. ಇಷ್ಟು ಗೊತ್ತಾದರೆ ಈ ಕಾಲದ ಬ್ರಿಟನ್-ಅಮೆರಿಕ ಕವರುಗಳಲ್ಲಿ ಹೆಚ್ಚಿನವನ್ನು ಓದಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು. ಆ ಕಾಲದ ಕೆಲವು ಕೆಂಪು ಶಾಯಿ ಗಾಳಿಗೆ ಕಂದಿ ಕಂದುಬಣ್ಣಕ್ಕೋ ಕಪ್ಪಿಗೋ ತಿರುಗಿರುತ್ತದೆ. ಅದಕ್ಕೆ ಬಣ್ಣ ಒಂದನ್ನೇ ನಂಬದೆ ಅಂಕಿಯನ್ನೂ ನೋಡಿ. 19 ಮತ್ತು 3 ಅಮೆರಿಕದಿಂದ ಹೊರಟ ಕಾಗದದ ಮೇಲಿದ್ದರೆ ಅದು ಕೆಂಪೇ ಆಗಿದ್ದಿರಬೇಕು.

ಒಂದು ಕವರನ್ನು ಹತ್ತಿರದಿಂದ

ನನ್ನ ಹತ್ತಿರ 1850ರ ದಶಕದ್ದೊಂದು ಇದೆ. ಲಕೋಟೆ ಅಲ್ಲ, ಕಾಗದವನ್ನೇ ಮಡಿಸಿ ಅರಗು ಹಾಕಿದ್ದು. ತೆಳು ನೀಲಿ ಬಣ್ಣ. ಲಂಡನ್ನಿನಿಂದ ನ್ಯೂಯಾರ್ಕಿನ ಒಂದು ಬಟ್ಟೆ ವ್ಯಾಪಾರದ ಮಳಿಗೆಗೆ. ಕೆಳಗಿನ ಎಡಮೂಲೆಯಲ್ಲಿ ಕಳಿಸಿದವನು ಹಡಗಿನ ಹೆಸರು ಬರೆದು ಅಡಿಗೆರೆ ಎಳೆದಿದ್ದಾನೆ. ಮುಂಭಾಗದಲ್ಲಿ ಕಪ್ಪು ಶಾಯಿಯಲ್ಲಿ '3 ಸೆಂಟ್ಸ್' ಅನ್ನುವ ಸೀಲು. ಅದರ ಪಕ್ಕದಲ್ಲಿ ನ್ಯೂಯಾರ್ಕಿನ ದುಂಡು ಸೀಲು, ಒಳಗೆ ತಾರೀಕು, ಕೆಳಗೆ 24, ಮತ್ತು 'ಅಮೆರಿಕನ್ ಪ್ಯಾಕೆಟ್' ಅನ್ನುವುದನ್ನು ಮೊಟಕು ಮಾಡಿದ ಅಕ್ಷರಗಳು.

ಓದೋಣ. ಪ್ಯಾಕೆಟ್ ಅಂದರೆ ಅಂಚೆ ಒಯ್ಯುವ ಗುತ್ತಿಗೆ ಹಡಗು. ಅಮೆರಿಕನ್ ಪ್ಯಾಕೆಟ್ ಆದ್ದರಿಂದ ಸಮುದ್ರದ 16 ಅಮೆರಿಕಕ್ಕೇ ಸೇರಬೇಕು. ಲಂಡನ್ನಿನಲ್ಲಿ ದುಡ್ಡು ಕಟ್ಟಿಲ್ಲ. ಹಾಗಾಗಿ ಬ್ರಿಟನ್ ತನ್ನ ಒಳಗಿನ ಪಾಲು 3 ಸೆಂಟನ್ನು ಮಾತ್ರ ಅಮೆರಿಕದ ಹೆಸರಿಗೆ ಬಾಕಿ ಬರೆದಿದೆ. ನ್ಯೂಯಾರ್ಕಿನಲ್ಲಿ ಮಳಿಗೆಯವರ ಹತ್ತಿರ ಪೂರ್ತಿ 24 ವಸೂಲಿ. ಬ್ರಿಟಿಷ್ ಹಡಗಾಗಿದ್ದರೆ 3ರ ಜಾಗದಲ್ಲಿ 19 ಇರುತ್ತಿತ್ತು, 24 ಹಾಗೇ ಇರುತ್ತಿತ್ತು. ಮಡಿಕೆಯ ಒಳಗಡೆ ತಗೊಂಡವರ ಗುಮಾಸ್ತ ಬರೆದ ಸಾಲು ಇದೆ. ಯಾರಿಂದ ಬಂತು, ಯಾವ ದಿನ ತಲುಪಿತು, ಯಾವಾಗ ಉತ್ತರ ಕೊಟ್ಟೆವು. ಈ ಸಾಲನ್ನು ಎಷ್ಟೋ ಮಾರಾಟಗಾರರು ಫೋಟೋದಲ್ಲಿ ತೋರಿಸುವುದೇ ಇಲ್ಲ. ಕೇಳಿ ತರಿಸಿಕೊಳ್ಳಿ. ಸೀಲಿನಲ್ಲಿ ಇಸವಿ ಇಲ್ಲದಿದ್ದಾಗ ಅದನ್ನು ಹೇಳುವುದು ಈ ಸಾಲು, ಇಲ್ಲವೇ ಕಾಗದದ ಒಕ್ಕಣೆ.

ಬ್ರಿಟನ್ನಿಗೆ ಹೋದ ಕಾಗದಗಳಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಮಧ್ಯದಲ್ಲಿ ದಪ್ಪ ನಿಬ್ಬಿನಲ್ಲಿ ಎಳೆದ ಒಂದು ಸೊಟ್ಟ ಗೀಟು. ನೋಡಿದರೆ ಮೇಷ್ಟ್ರು ರೈಟ್ ಹಾಕಿದ ಹಾಗೆ ಕಾಣುತ್ತದೆ. ಅದು ಒಂದು ಶಿಲಿಂಗ್ ವಸೂಲಿ ಅನ್ನುವ ಬರಹ. ಒಂದು, ಓರೆಗೆರೆ, ಅಡ್ಡಗೆರೆ ಮೂರನ್ನೂ ಒಂದೇ ಎಳೆತದಲ್ಲಿ ಬರೆದದ್ದು. ಎರಡು ಶಿಲಿಂಗ್ ಇದ್ದರೆ ತೂಕ ಅರ್ಧ ಔನ್ಸ್ ದಾಟಿದೆ ಅಂತ ಅರ್ಥ.

ತೂಕದ ವಿಷಯ ಬಂತಲ್ಲ, ಇದೊಂದನ್ನು ಬರೆದಿಟ್ಟುಕೊಳ್ಳಿ. ಅರ್ಧ ಔನ್ಸಿಗೆ ಒಂದು ದರ, ಒಂದು ಔನ್ಸಿಗೆ ಎರಡು, ಅದು ದಾಟಿದರೆ ನೇರವಾಗಿ ನಾಲ್ಕು. ಮೂರು ಪಟ್ಟು ಅನ್ನುವುದು 1866ರ ಏಪ್ರಿಲ್‌ವರೆಗೆ ಇರಲೇ ಇಲ್ಲ. ಹಾಗಾಗಿ 1850ರ ದಶಕದ ಕಾಗದದ ಮೇಲೆ 72 ಸೆಂಟಿನ ಸ್ಟ್ಯಾಂಪ್ ಅಂಟಿಸಿ 'ಅಪರೂಪದ ಮೂರುಪಟ್ಟು ದರ' ಅಂತ ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ ಹೊರಡಿ.

ಅದಕ್ಕಿಂತ ಹಿಂದಿನವು

ಕೈ ಪಳಗಿದ ಮೇಲೆ ಹಿಂದಕ್ಕೆ ಹೋಗಬಹುದು. ಹಾಯಿಹಡಗುಗಳ ಕಾಲದಲ್ಲಿ ಬ್ರಿಟಿಷ್ ಅಂಚೆಯ ಪ್ಯಾಕೆಟ್ ಹಡಗುಗಳು ಫಾಲ್ಮತ್ ಬಂದರಿನಿಂದ ಹೋಗುತ್ತಿದ್ದವು. ಅವು ದುಬಾರಿ. ವ್ಯಾಪಾರಿಗಳು ಅವನ್ನು ಬಿಟ್ಟು ಸರಕಿನ ಹಡಗಿನ ಕ್ಯಾಪ್ಟನ್‌ಗಳ ಕೈಯಲ್ಲಿ ಕಾಗದ ಕೊಡುತ್ತಿದ್ದರು. 1818ರಲ್ಲಿ ನ್ಯೂಯಾರ್ಕಿನ ಬ್ಲ್ಯಾಕ್ ಬಾಲ್ ಕಂಪನಿ ಗೊತ್ತಾದ ದಿನಕ್ಕೆ ಲಿವರ್‌ಪೂಲಿಗೆ ಹಡಗು ಬಿಡಲು ಶುರು ಮಾಡಿತು, ಹಡಗು ತುಂಬಿರಲಿ ಖಾಲಿ ಇರಲಿ. ಅದಾದ ಮೇಲೆ ಅಂಚೆಯ ದಾರಿಯೇ ಬದಲಾಯಿತು. ಲಂಡನ್ನಿನ ಕಾಫಿ ಹೌಸುಗಳಲ್ಲಿ ಹಡಗಿನ ಹೆಸರು ಬರೆದ ಚೀಲ ನೇತುಹಾಕಿರುತ್ತಿದ್ದರು, ಕಾಗದವನ್ನು ಅದರೊಳಗೆ ಹಾಕಿ ಬರುವುದು. ಪಶ್ಚಿಮದಿಂದ ಬೀಸುವ ಗಾಳಿ ಮತ್ತು ಗಲ್ಫ್ ಸ್ಟ್ರೀಮ್ ಪ್ರವಾಹ ಎರಡೂ ಪೂರ್ವಕ್ಕೆ ತಳ್ಳುವುದರಿಂದ ಅಮೆರಿಕದಿಂದ ಬರುವ ಕಾಗದ ಬೇಗ ಬರುತ್ತಿತ್ತು, ಹೋಗುವ ಕಾಗದ ವಾರಗಟ್ಟಲೆ ಜಾಸ್ತಿ ತಗೊಳ್ಳುತ್ತಿತ್ತು. ತಾರೀಕು ನೋಡುವಾಗ ಇದು ತಲೆಯಲ್ಲಿರಲಿ.

ಕ್ಯಾಪ್ಟನ್ ಬಂದರಿನ ಪೋಸ್ಟಾಫೀಸಿಗೆ ಕಾಗದ ಒಪ್ಪಿಸಿದರೆ ಒಂದೊಂದಕ್ಕೂ ಇಷ್ಟು ಅಂತ ಸಿಗುತ್ತಿತ್ತು. ಅಮೆರಿಕದಲ್ಲಿ ಅದು 2 ಸೆಂಟ್. ಆಗ ಬೀಳುವ ಸೀಲು 'ಶಿಪ್'. ಬ್ರಿಟನ್ನಿನಲ್ಲಿ ಬಂದರಿನ ಹೆಸರಿನ ಜೊತೆ 'ಶಿಪ್ ಲೆಟರ್'. ಅಮೆರಿಕದ ದರ ಹೀಗೆ: ಬಂದರಿನ ಊರಿಗೇ ಬಂದ ಕಾಗದವಾದರೆ 6 ಸೆಂಟ್, ಮುಂದಕ್ಕೆ ಹೋಗಬೇಕಾದರೆ ದೂರದ ದರದ ಮೇಲೆ 2 ಸೆಂಟ್. 1825ರಿಂದ 1845ರವರೆಗೆ ದೂರದ ದರ ಹನ್ನೆರಡೂವರೆ, ಹದಿನೆಂಟೂ ಮುಕ್ಕಾಲು ಅಂತೆಲ್ಲ ಇತ್ತು. ಆಗ ಅಲ್ಲಿ ಓಡಾಡುತ್ತಿದ್ದ ಸ್ಪೇನಿನ ಬೆಳ್ಳಿ ನಾಣ್ಯ ರಿಯಾಲ್‌ಗೆ ಹನ್ನೆರಡೂವರೆ ಸೆಂಟ್, ದರವನ್ನು ಅದಕ್ಕೆ ಹೊಂದಿಸಿದ್ದರು. ಬಾಸ್ಟನ್ನಿನಲ್ಲಿ ಇಳಿದು ನ್ಯೂಯಾರ್ಕಿಗೆ ಹೋದ ಕಾಗದದ ಮೇಲೆ 20¾ ಇದ್ದರೆ ಗಾಬರಿ ಬೇಡ. 18¾ಕ್ಕೆ 2 ಕೂಡಿಸಿ. ಎರಡು ಹಾಳೆ ಇದ್ದರೆ ದೂರದ ದರ ಎರಡರಷ್ಟು, ಕ್ಯಾಪ್ಟನ್ನಿನ 2 ಮಾತ್ರ ಒಂದೇ ಸಲ, ಒಟ್ಟು 39½. ಕಾಲು ಮುಕ್ಕಾಲಿನ ಲೆಕ್ಕ ಬರುವ ನಮ್ಮ ಅಜ್ಜಂದಿರಿಗೆ ಇದು ನೀರು ಕುಡಿದಷ್ಟು ಸುಲಭ ಇರುತ್ತಿತ್ತು.

1838ರ ಏಪ್ರಿಲ್ ಕೊನೆಯಲ್ಲಿ ಸಿರಿಯಸ್ ಮತ್ತು ಗ್ರೇಟ್ ವೆಸ್ಟರ್ನ್ ಅನ್ನುವ ಎರಡು ಹಬೆ ಹಡಗುಗಳು ಒಂದು ದಿನದ ಅಂತರದಲ್ಲಿ ನ್ಯೂಯಾರ್ಕ್ ತಲುಪಿದವು. 1840ರ ಜುಲೈ 4ಕ್ಕೆ ಕ್ಯುನಾರ್ಡ್ ಕಂಪನಿಯ ಬ್ರಿಟಾನಿಯಾ ಲಿವರ್‌ಪೂಲಿನಿಂದ ಹೊರಟು ಈಗಿನ ಕೆನಡಾದ ಹ್ಯಾಲಿಫ್ಯಾಕ್ಸ್ ಮುಟ್ಟಿಕೊಂಡು ಬಾಸ್ಟನ್ನಿಗೆ ಹೋಯಿತು, ಎರಡು ವಾರದ ಪ್ರಯಾಣ. ಅಲ್ಲಿಂದ ಒಪ್ಪಂದದವರೆಗಿನ ಒಂಬತ್ತು ವರ್ಷದಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ ಒಂದು ಶಿಲಿಂಗ್ ಬಾಸ್ಟನ್ ದಂಡೆಯವರೆಗೆ ಮಾತ್ರ. ಆಚೆಗೆ ಅಮೆರಿಕದವರು ಮತ್ತೆ ವಸೂಲಿ ಮಾಡುತ್ತಿದ್ದರು. 1845ರ ಜುಲೈನಿಂದ ದೂರದ ದರ ಸರಳವಾಯಿತು. 300 ಮೈಲಿಯೊಳಗೆ 5, ಆಚೆಗೆ 10. ಹಡಗಿನ 2 ಸೇರಿಸಿದರೆ 7 ಮತ್ತು 12. ಅದಕ್ಕೇ ಆಗಿನ ಬಾಸ್ಟನ್ ಕವರುಗಳಲ್ಲಿ ಈ ಎರಡು ಅಂಕಿ ಅಷ್ಟು ಸಿಗುತ್ತವೆ.

ಜಗಳದ ವರ್ಷ

ಈ ಇಡೀ ವಿಷಯದಲ್ಲಿ ನನಗೆ ಹುಚ್ಚು ಹಿಡಿಸಿದ್ದು 1847-48. ಅಮೆರಿಕ ತನ್ನದೇ ಓಷನ್ ಲೈನ್ ಶುರು ಮಾಡಿತು. ಮೊದಲ ಹಡಗು ವಾಷಿಂಗ್ಟನ್ 1847ರ ಜೂನ್ 1ಕ್ಕೆ ನ್ಯೂಯಾರ್ಕಿನಿಂದ ಸೌತಾಂಪ್ಟನ್ ಮುಟ್ಟಿ ಜರ್ಮನಿಯ ಬ್ರೆಮೆನ್‌ಗೆ ಹೊರಟಿತು. ಹಡಗು ಇನ್ನೂ ಸಮುದ್ರದಲ್ಲಿದೆ, ಜೂನ್ 9ಕ್ಕೆ ಬ್ರಿಟನ್ ಒಂದು ಆದೇಶ ಹೊರಡಿಸಿತು: ಅಮೆರಿಕದ ಹಡಗಿನಲ್ಲಿ ಬಂದ ಕಾಗದಕ್ಕೂ ನಮ್ಮ ಹಡಗಿನಲ್ಲಿ ಬಂದಷ್ಟೇ ಒಂದು ಶಿಲಿಂಗ್ ಕೊಡಬೇಕು. ಅಂದರೆ ಅಮೆರಿಕದಲ್ಲಿ ಸಮುದ್ರದ ದುಡ್ಡು 24 ಸೆಂಟ್ ಕಟ್ಟಿದವನ ಕಾಗದಕ್ಕೆ, ಹಡಗು ಓಡಿಸದ ಬ್ರಿಟನ್ ಮತ್ತೊಮ್ಮೆ ಸಮುದ್ರದ ದುಡ್ಡು ಕೀಳುವುದು. ಕ್ಯುನಾರ್ಡ್ ಗಿರಾಕಿಗಳು ತಪ್ಪಿಹೋಗಬಾರದು ಅನ್ನುವುದು ಲೆಕ್ಕಾಚಾರ.

ಒಂದು ವರ್ಷ ಮಾತುಕತೆ ನಡೆದರೂ ಏನೂ ಆಗಲಿಲ್ಲ. 1848ರ ಜೂನ್ 27ಕ್ಕೆ ಅಮೆರಿಕ ಅದೇ ಮದ್ದನ್ನು ತಿರುಗಿ ಕೊಟ್ಟಿತು. ಬ್ರಿಟಿಷ್ ಹಡಗಿನಲ್ಲಿ ಬಂದ ಕಾಗದಕ್ಕೆ 24 ಸೆಂಟ್, ಜೊತೆಗೆ ಒಳಗಿನ 5 ಅಥವಾ 10. ಹಾಗಾಗಿ ಆ ಅರ್ಧ ವರ್ಷದ ಕಾಗದಗಳ ಮೇಲೆ 29 ಮತ್ತು 34 ಅನ್ನುವ ಅಂಕಿ ಕಾಣುತ್ತದೆ. ಒಂದು ಕಾಗದಕ್ಕೆ ಎರಡು ಕಡೆಯೂ ಪೂರ್ತಿ ಸುಲಿಗೆ. 1849ರ ಜನವರಿಯಲ್ಲಿ ಇದು ನಿಂತಿತು. ಈ ಅವಧಿಯ ಕವರಿಗೆ ಬೆಲೆ ಜಾಸ್ತಿ, ಅದಕ್ಕೇ ಇಲ್ಲಿ ಮೋಸವೂ ಜಾಸ್ತಿ. 29 ಕಂಡ ತಕ್ಷಣ ಹಿಗ್ಗಬೇಡಿ. ಒಪ್ಪಂದ ಆದ ಮೇಲೆ ಕ್ಯಾಲಿಫೋರ್ನಿಯಾ ಕಡೆಯ ಕಾಗದಕ್ಕೆ 1851ರ ಜುಲೈನಿಂದ 1863ರವರೆಗೆ ಒಳಗಿನ ದರ 5ರ ಬದಲು 10 ಇತ್ತು, ಒಟ್ಟು ಅಲ್ಲೂ 29 ಆಗುತ್ತದೆ. ಅಂಕಿ ಒಂದೇ, ಕತೆ ಬೇರೆ. ತಾರೀಕು ಮತ್ತು ವಿಳಾಸ ನೋಡದೆ ಹೇಳಲು ಆಗುವುದಿಲ್ಲ.

ಉಳಿದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಫ್ರಾನ್ಸಿನ ಕವರುಗಳು ನೋಡಲು ಬಲು ಚೆಂದ. 1857ರ ಏಪ್ರಿಲ್‌ನಿಂದ ಕಾಲು ಔನ್ಸಿಗೆ 15 ಸೆಂಟ್, ವಸೂಲಿಯಾದರೆ 8 ಡೆಸಿಮ್ (ಫ್ರಾನ್ಸಿನ ಚಿಲ್ಲರೆ ಹಣ), ಆ 8 ದೊಡ್ಡದಾಗಿ ಎದ್ದು ಕಾಣುತ್ತದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ನೋಟಿನ ಬೆಲೆ ಬಿದ್ದುಹೋಗಿತ್ತು. ಅದಕ್ಕೆ 1863ರ ಮೇ ತಿಂಗಳಿಂದ ದುಡ್ಡು ಕಟ್ಟದೆ ಬಂದ ಕಾಗದದ ಮೇಲೆ ನಾಣ್ಯದಲ್ಲಾದರೆ ಇಷ್ಟು, ನೋಟಿನಲ್ಲಾದರೆ ಇಷ್ಟು ಅಂತ ಎರಡು ಅಂಕಿ ಹಾಕಲು ಶುರು ಮಾಡಿದರು, ಇಂಥದ್ದೊಂದಾದರೂ ನಿಮ್ಮ ಹತ್ತಿರ ಇರಲಿ. ಬ್ರಿಟನ್ನಿನ ದರ 1868ಕ್ಕೆ 12 ಸೆಂಟಿಗೆ, 1870ಕ್ಕೆ 6ಕ್ಕೆ ಇಳಿಯಿತು. 1875ರ ಜುಲೈನಲ್ಲಿ ಅಂತಾರಾಷ್ಟ್ರೀಯ ಅಂಚೆ ಒಕ್ಕೂಟ ಬಂತು, ವಸೂಲಿ ಮಾಡಿದ ದುಡ್ಡನ್ನು ಆಯಾ ದೇಶವೇ ಇಟ್ಟುಕೊಳ್ಳುವುದು ಅಂತಾಯಿತು, ಉದ್ರಿ ಬರೆಯುವ ಕೆಲಸವೇ ಇಲ್ಲ. ನನ್ನ ಆಸಕ್ತಿಯೂ ಅಲ್ಲಿಗೆ ಮುಗಿಯುತ್ತದೆ.

ಕೊಳ್ಳುವಾಗ

ಅಶೋಕ ರಸ್ತೆಯ ಹೆಡ್ ಪೋಸ್ಟಾಫೀಸಿನಲ್ಲಿ ಕೇಳಿದರೆ ಹೊಸ ಸ್ಟ್ಯಾಂಪ್ ಸಿಗುತ್ತದೆ, ಇದು ಸಿಗುವುದಿಲ್ಲ. ಕರ್ನಾಪೆಕ್ಸ್‌ನಂಥ ಪ್ರದರ್ಶನದಲ್ಲಿ ವ್ಯಾಪಾರಿಗಳ ಮೇಜಿನ ಮೇಲೆ 'ವಿದೇಶಿ ಕವರ್' ಅಂತ ಒಂದು ಡಬ್ಬ ಇಟ್ಟಿರುತ್ತಾರೆ, ತಾಳ್ಮೆಯಿಂದ ಮಗುಚಿದರೆ ಅಪರೂಪಕ್ಕೊಂದು ಕೈಗೆ ಬರುತ್ತದೆ. ಬಾಕಿ ಎಲ್ಲ ಆನ್‌ಲೈನ್. ಇಬೇಯಲ್ಲಿ ಮತ್ತು ಅಮೆರಿಕ, ಬ್ರಿಟನ್ನಿನ ಹರಾಜು ಮನೆಗಳಲ್ಲಿ 'ಸ್ಟ್ಯಾಂಪ್‌ಲೆಸ್ ಟ್ರಾನ್ಸ್‌ಅಟ್ಲಾಂಟಿಕ್' ಅಂತ ಹುಡುಕಿ. ಸಾಧಾರಣ ಒಪ್ಪಂದದ ಕಾಲದ ಕವರ್ ಇಪ್ಪತ್ತು ಮೂವತ್ತು ಡಾಲರಿಗೂ ಸಿಗುತ್ತದೆ. ಸಾಗಣೆ ಖರ್ಚು, ಕಸ್ಟಮ್ಸ್, ಕಾರ್ಡಿನ ಕಮಿಷನ್ ಎಲ್ಲ ಸೇರಿಸಿ ಮಿತಿ ಹಾಕಿಕೊಂಡೇ ಬಿಡ್ ಮಾಡಿ. ಒಂದೇ ಮಾರಾಟಗಾರನ ಹತ್ತಿರ ಮೂರ್ನಾಲ್ಕು ಒಟ್ಟಿಗೆ ತರಿಸಿದರೆ ವಾಸಿ.

ಕೊಳ್ಳುವ ಮುಂಚೆ ಹಡಗಿನ ತಾರೀಕು ತಾಳೆ ಮಾಡಿ. ಯಾವ ಹಡಗು ಎಂದು ಹೊರಟು ಎಂದು ತಲುಪಿತು ಅನ್ನುವ ಪಟ್ಟಿಗಳನ್ನು ಸಂಗ್ರಾಹಕರು ಮಾಡಿಟ್ಟಿದ್ದಾರೆ. ಅದು ಸಿಗದಿದ್ದರೆ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಕ್ರಾನಿಕ್ಲಿಂಗ್ ಅಮೆರಿಕ ಅಂತ ಹಳೇ ಪತ್ರಿಕೆಗಳನ್ನು ಪುಕ್ಕಟೆ ಓದಲು ಇಟ್ಟಿದ್ದಾರೆ, ಹಡಗು ಬಂದ ಸುದ್ದಿ ಅದರಲ್ಲಿ ಇರುತ್ತದೆ. ಎಡಮೂಲೆಯಲ್ಲಿ ಬರೆದ ಹಡಗಿನ ಹೆಸರು ಬರೀ ಕಳಿಸಿದವನ ಆಸೆ. ಕಾಗದ ತಡವಾಗಿ ಬಂದು ಆ ಹಡಗು ತಪ್ಪಿ ಮುಂದಿನದರಲ್ಲಿ ಹೋಗಿರಬಹುದು, ಅದು ಮೋಸ ಅಲ್ಲ. ಕಾಲಿನ್ಸ್ ಕಂಪನಿಯ ಆರ್ಕ್ಟಿಕ್ 1854ರ ಸೆಪ್ಟೆಂಬರಿನಲ್ಲಿ ಮುಳುಗಿತು, ಪೆಸಿಫಿಕ್ 1856ರ ಜನವರಿಯಲ್ಲಿ ಲಿವರ್‌ಪೂಲ್ ಬಿಟ್ಟದ್ದು ಮತ್ತೆ ಕಾಣಲೇ ಇಲ್ಲ. ಅದಾದ ಮೇಲಿನ ತಾರೀಕಿನ ಕವರನ್ನು 'ಪೆಸಿಫಿಕ್ ಹೊತ್ತು ತಂದದ್ದು' ಅಂತ ಮಾರುತ್ತಿದ್ದರೆ ಅವನ ಉಳಿದ ವಿವರಣೆಗಳನ್ನೂ ನಂಬಬೇಡಿ.

ಇನ್ನೊಂದು ಹಳೇ ಮೋಸ, ಸ್ಟ್ಯಾಂಪ್ ಇಲ್ಲದ ಕವರಿಗೆ ಸ್ಟ್ಯಾಂಪ್ ಅಂಟಿಸುವುದು. ಕಪ್ಪು 5 ಅಥವಾ 21 ಇದೆ, ಜೊತೆಗೆ 24 ಸೆಂಟಿನ ಸ್ಟ್ಯಾಂಪೂ ಇದೆ. ದುಡ್ಡು ಕಟ್ಟಿದ್ದರೆ ಬಾಕಿ ಯಾಕೆ ಬರೆದರು? ಇಲ್ಲೂ ಅಂಕಿಯೇ ಕಳ್ಳನನ್ನು ಹಿಡಿದುಕೊಡುವುದು. ಸ್ಟ್ಯಾಂಪಿನ ಮೇಲಿನ ಸೀಲು ಕಾಗದಕ್ಕೂ ದಾಟಿದೆಯೇ ಅಂತ ಭೂತಗನ್ನಡಿಯಲ್ಲಿ ನೋಡಿ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸ್ ಸಾಕು. ನೋಟು ಪರೀಕ್ಷೆ ಮಾಡುವ ಯುವಿ ಲೈಟ್ ಇದ್ದರೆ ಹೊಸ ಕಾಗದದ ತೇಪೆ ಬೆಳ್ಳಗೆ ಹೊಳೆಯುತ್ತದೆ. 'ಸ್ಟೀಮ್‌ಶಿಪ್' ಅನ್ನುವ ಸೀಲಿರುವ ಕವರುಗಳನ್ನು ಅಟ್ಲಾಂಟಿಕ್ ಅಂತ ತೋರಿಸುವವರೂ ಇದ್ದಾರೆ. ಅವು ಹೆಚ್ಚಾಗಿ ಕ್ಯೂಬಾ ಮತ್ತು ಕೆರಿಬಿಯನ್ ಕಡೆಯವು.

ಇಡುವ ರೀತಿ

ಮೈಸೂರು ಹವಾ ಮಂಗಳೂರಿನಷ್ಟು ಕೆಟ್ಟದ್ದಲ್ಲ, ಆದರೂ ಆಷಾಢದಲ್ಲಿ ಗೋಡೆ ಪಕ್ಕದ ಬೀರುವಿನಲ್ಲಿ ಬೂಷ್ಟು ಬಂದೇ ಬರುತ್ತದೆ. ಪಿವಿಸಿ ಪ್ಲಾಸ್ಟಿಕ್ಕಿನ ಫೋಟೋ ಆಲ್ಬಂ ಬೇಡವೇ ಬೇಡ, ಅದು ಮೆತ್ತಗಾಗಿ ಶಾಯಿ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಳೆಯ ಕವಚ ತರಿಸಿ. ಜೊತೆಗೆ ಆಮ್ಲ ಇಲ್ಲದ ಕಾಗದ, ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ. ನುಸಿಗುಳಿಗೆ ಹತ್ತಿರ ಇಡಬೇಡಿ. ಗೆದ್ದಲಿನ ಕಾಟ ಇರುವ ಹಳೇ ಮನೆಯಾದರೆ ಮರದ ಕಪಾಟಿಗಿಂತ ಉಕ್ಕಿನ ಬೀರು ವಾಸಿ, ಅದೂ ಗೋಡೆಯಿಂದ ನಾಲ್ಕು ಬೆರಳು ಈಚೆಗೆ. ಆಗಿನ ಶಾಯಿಯಲ್ಲಿ ಕಬ್ಬಿಣ ಇರುವುದರಿಂದ ಅಕ್ಷರದ ಗೆರೆಯಲ್ಲೇ ಕಾಗದ ತೂತಾಗುತ್ತದೆ. ಮಡಿಕೆಯನ್ನು ಪದೇಪದೇ ಬಿಚ್ಚಬೇಡಿ. ಒಂದು ಸಲ ಬಿಚ್ಚಿ, ಒಳಗಿನದ್ದನ್ನೆಲ್ಲ ಸ್ಕ್ಯಾನ್ ಮಾಡಿ, ಮಡಿಸಿ ಇಟ್ಟುಬಿಡಿ. ಸೆಲ್ಲೋಟೇಪ್ ಹಾಕಿ ರಿಪೇರಿ ಮಾಡುವುದಕ್ಕಿಂತ ಹರಿದ ಹಾಗೇ ಬಿಡುವುದು ಮೇಲು.

ಪ್ರತಿ ಕವರಿನ ಜೊತೆ ಒಂದು ಚೀಟಿ ಇಡಿ: ತಾರೀಕು, ಹಡಗು, ಒಟ್ಟು ದರ, ಪಾಲಿನ ಲೆಕ್ಕ, ಕೊಟ್ಟ ದುಡ್ಡು. ಯಾವ ಗುರುತು ಅರ್ಥವಾಗಿಲ್ಲವೋ ಅದನ್ನೂ ಬರೆಯಿರಿ. ಮಂಡ್ಯದಲ್ಲಿರುವ ನನ್ನ ಸ್ನೇಹಿತರೊಬ್ಬರು, ಬ್ಯಾಂಕಿನಲ್ಲಿದ್ದವರು, ಇದನ್ನೇ ಲೆಡ್ಜರ್ ಮಾಡಿ ಇಟ್ಟಿದ್ದಾರೆ. ಅವರ ಲೆಡ್ಜರ್ ನೋಡುವುದಕ್ಕಂತಲೇ ನಾನು ಮಂಡ್ಯಕ್ಕೆ ಹೋಗುವುದುಂಟು, ಮದ್ದೂರು ವಡೆ ನೆಪ.

ಮುಂದೆ ಯಾವತ್ತಾದರೂ ಹೊರದೇಶಕ್ಕೆ ಮಾರುವ ಯೋಚನೆ ಬಂದರೆ ಸೀದಾ ಪೋಸ್ಟ್ ಮಾಡಿಬಿಡಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ, ಚರಿತ್ರೆಯ ಮಹತ್ವ ಇರುವ 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳೂ ಬರುತ್ತವೆ, ಅವನ್ನು ಖಾಸಗಿಯವರು ಹೊರಗೆ ಕಳಿಸುವಂತಿಲ್ಲ. ನಿಮ್ಮ ಕವರ್ ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ, ಬರುವುದಿಲ್ಲ ಅಂತಾದರೆ ಅದಕ್ಕೊಂದು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಹೊರಗಿನಿಂದ ತರಿಸಿದ್ದರ ಬಿಲ್ಲು, ಕಸ್ಟಮ್ಸ್ ರಸೀತಿ, ಬಂದ ಲಕೋಟೆ ಎಲ್ಲವನ್ನೂ ಜೋಪಾನ ಮಾಡಿದ್ದರೆ ಆಗ ಕೆಲಸ ಹಗುರಾಗುತ್ತದೆ.